ಹಗ್ಗದೊಳಗಿನ ಮೋಟಾರು ಸೈಕಲ್ಲು

ವೀಣೆಯ ಸ್ಪರ್ಧೆಯೊಂದು ನಡೆಯಿತೆನ್ನಿ. ಇಪ್ಪತ್ತು ವೀಣೆಗಳನ್ನು ಜಮಖಾನದ ಮೇಲೆ ಸಾಲಾಗಿ ಇಟ್ಟಿದ್ದಾರೆ. ತೀರ್ಪುಗಾರರು ಬಂದು ಕೊಡದ ಮೆರುಗನ್ನು ಬೆರಳಿನಿಂದ ಸವರುತ್ತಾರೆ, ಕುಸುರಿ ಕೆಲಸವನ್ನು ಕನ್ನಡಕ ಏರಿಸಿ ನೋಡುತ್ತಾರೆ, ತಂತಿ ಹೊಳೆಯುತ್ತಿದೆಯೇ ಎಂದು ಪರೀಕ್ಷಿಸುತ್ತಾರೆ. ಒಂದನ್ನೂ ಮೀಟದೆ, ಮೀಟಲು ಯಾರನ್ನೂ ಬಿಡದೆ, ಮೊದಲನೆಯ ಬಹುಮಾನವನ್ನು ಸಾರಿ ಕಾಫಿಗೆ ಹೊರಟುಬಿಡುತ್ತಾರೆ. ಮೈಸೂರಿನಲ್ಲಿ ಇಂಥದೊಂದು ನಡೆದರೆ ಮರುದಿನ ಪತ್ರಿಕೆಗೆ ಬರುವ ಕಾಗದಗಳನ್ನು ಅಚ್ಚುಹಾಕಲು ಸ್ಥಳ ಸಾಲದು. ಆದರೆ ಇದೇ ಕೆಲಸವನ್ನು ಮೋಟಾರು ಸೈಕಲ್ಲುಗಳಿಗೆ ಮಾಡಿದರೆ ಅದಕ್ಕೆ 'ವಿಂಟೇಜ್ ಪ್ರದರ್ಶನ' ಎಂದು ಹೆಸರು. ಟಿಕೆಟ್ಟು ಕೊಂಡು ಒಳಗೆ ಹೋಗಿ 'ಆಹಾ' ಎನ್ನುವವರು ನಾವು ನೀವೇ.

ನನಗೆ ಈ ಪ್ರದರ್ಶನಗಳ ಮೇಲೆ ಹಗೆಯೇನೂ ಇಲ್ಲ. ಹಗೆಯಿದ್ದರೆ ಇಷ್ಟು ವರ್ಷ ಒಂದನ್ನೂ ಬಿಡದೆ ಬಿಸಿಲಿನಲ್ಲಿ ಸುತ್ತುತ್ತಿರಲಿಲ್ಲ. ನನ್ನ ತಕರಾರು ಇಷ್ಟೇ: ಹಳೆಯ ಮೋಟಾರು ಸೈಕಲ್ಲುಗಳನ್ನು ಉಳಿಸುತ್ತೇವೆಂದು ಹೊರಟವರು ಅವುಗಳ ತಗಡನ್ನು ಮಾತ್ರ ಉಳಿಸುತ್ತಿದ್ದಾರೆ. ಓಟ, ಸದ್ದು, ಅವನ್ನು ಕಟ್ಟಿದವರ ಕೈ, ರಿಪೇರಿ ಮಾಡಿದವರ ಬುದ್ಧಿ, ಇವು ಒಂದೊಂದಾಗಿ ಸೋರಿಹೋಗುತ್ತಿರುವಾಗ ಹಗ್ಗದ ಆಚೆ ನಿಂತು ಫೋಟೋ ತೆಗೆದುಕೊಳ್ಳುತ್ತಿದ್ದೇವೆ. ಇತರ ಊರುಗಳವರ ಮಾತು ಹಾಗಿರಲಿ, ಕನ್ನಡನಾಡಿನವರಾದ ನಮಗಂತೂ ಇದು ಶೋಭಿಸುವುದಿಲ್ಲ. ಕಾರಣವನ್ನು ಮುಂದೆ ಹೇಳುತ್ತೇನೆ.

ಈಚೆಗೆ ಬೆಂಗಳೂರಿನ ಮೈದಾನವೊಂದರಲ್ಲಿ ನಡೆದ ಪ್ರದರ್ಶನವನ್ನೇ ತೆಗೆದುಕೊಳ್ಳಿ. ಒಂದು ಶಾಮಿಯಾನದಲ್ಲಿ ಹಳೆಯವು, ಇನ್ನೊಂದರಲ್ಲಿ ಈಗಿನವರು 'ಕಸ್ಟಮ್' ಎನ್ನುವಂಥವು, ಮೂರನೆಯದರಲ್ಲಿ ಪಂದ್ಯದ ಗಾಡಿಗಳು. ಎಲ್ಲದರ ಸುತ್ತ ಹಗ್ಗ. ಎಲ್ಲದರ ಮೇಲೆ ಧ್ವನಿವರ್ಧಕದ ಅರಚಾಟ. ನೂರಕ್ಕೂ ಹೆಚ್ಚು ಎಂಜಿನ್ನುಗಳು ಸೇರಿದ್ದ ಆ ಜಾಗದಲ್ಲಿ ನಾನಿದ್ದ ಮೂರು ಗಂಟೆಯಲ್ಲಿ ಕೇಳಿಸಿದ್ದು ಒಂದೇ ಎಂಜಿನ್ನು. ಅದು ದೀಪಗಳಿಗೆ ವಿದ್ಯುತ್ತು ಒದಗಿಸುತ್ತಿದ್ದ ಜನರೇಟರಿನದು.

ಸಾಲಿನ ಕೊನೆಯಲ್ಲಿ ಒಂದು ಜಾವಾ ನಿಂತಿತ್ತು. ದ್ರಾಕ್ಷಿ ಕೆಂಪು ಬಣ್ಣ, ಟ್ಯಾಂಕಿನ ಎರಡು ಪಕ್ಕದಲ್ಲೂ ಕನ್ನಡಿಯಂಥ ಕ್ರೋಮು, ಅದರ ಮೇಲೆ ಸಣ್ಣ ಗೆರೆ. ಪಕ್ಕದಲ್ಲಿ ಮೆತ್ತನೆಯ ಬಟ್ಟೆ ಹಿಡಿದು ನಿಂತಿದ್ದ ಹುಡುಗನನ್ನು, "ಒಂದು ಸಲ ಸ್ಟಾರ್ಟ್ ಮಾಡಿ ತೋರಿಸ್ತೀಯೇನಪ್ಪ?" ಎಂದು ಕೇಳಿದೆ.

"ಪೆಟ್ರೋಲ್ ಹಾಕಿಲ್ಲ ಅಂಕಲ್," ಎಂದ. "ಟೆಂಪೋದಲ್ಲಿ ತಂದಿದ್ದು. ಸ್ಟಾರ್ಟ್ ಮಾಡಿದ್ರೆ ಸೈಲೆನ್ಸರ್ ಪೈಪು ನೀಲಿ ತಿರುಗುತ್ತೆ. ಪಾಯಿಂಟ್ಸ್ ಕಟ್ ಮಾಡ್ತಾರೆ."

ಹುಡುಗನ ಮಾತಿನಲ್ಲಿ ಸುಳ್ಳಿಲ್ಲ. ಬಿಸಿಯೇರಿದ ಕ್ರೋಮು ಎಂಜಿನ್ನಿನ ಬಾಯಿಯ ಹತ್ತಿರ ಕಂದು, ನೀಲಿಯಾಗುವುದು ಸಹಜ. ಓಡಿದ ಗಾಡಿಯ ಗುರುತೇ ಅದು. ಅಂಗಡಿಯಿಂದ ಹೊರಬಿದ್ದ ಮೊದಲನೆಯ ತಿಂಗಳಲ್ಲಿಯೇ ಪ್ರತಿಯೊಂದು ಗಾಡಿಯೂ ಪಡೆಯುತ್ತಿದ್ದ ಆ ಗುರುತನ್ನು ಈಗ ದೋಷವೆಂದು ಲೆಕ್ಕಹಾಕಿ ಅಂಕ ಕಳೆಯುತ್ತಾರಂತೆ! ಅಂದರೆ ಓಡಿದ್ದೇ ತಪ್ಪು. ನೆಲ ಮುಟ್ಟದ ಚಕ್ರಕ್ಕೆ ಪ್ರಥಮ ಬಹುಮಾನ.

ಆ ಜಾವಾ ನಿಂತಿರುವಾಗ ಏನು ಕಾಣುವುದಿಲ್ಲ ಎಂಬುದನ್ನು ಹೇಳಿಬಿಡುತ್ತೇನೆ. ಅದರ ಕಿಕ್ಕರೇ ಅದರ ಗೇರು. ಹಿಂದಕ್ಕೆ ನಿಲ್ಲಿಸಿ ಒದ್ದರೆ ಎಂಜಿನ್ನು ಎಬ್ಬಿಸುವ ಸನ್ನೆ. ಅದನ್ನೇ ಒಳಕ್ಕೊತ್ತಿ ಮುಂದಕ್ಕೆ ಮಲಗಿಸಿದರೆ ಗೇರು ಬದಲಿಸುವ ಪೆಡಲು. ಎರಡು ಕೆಲಸಕ್ಕೆ ಒಂದೇ ಕಬ್ಬಿಣ. ಅಷ್ಟೇ ಅಲ್ಲ, ಗೇರಿನ ಪೆಡಲನ್ನು ಕಾಲಿನಿಂದ ಅದುಮುತ್ತಿದ್ದಂತೆ ಒಳಗಿನ ಏರ್ಪಾಡೊಂದು ಕ್ಲಚ್ಚನ್ನು ತಾನೇ ಬಿಡಿಸುತ್ತದೆ. ಪಳಗಿದ ಸವಾರ ಓಡುತ್ತಿರುವಾಗ ಎಡಗೈ ಮುಟ್ಟದೆ ಗೇರು ಬದಲಾಯಿಸಬಲ್ಲ. ಸಿಲಿಂಡರು ಒಂದೇ ಆದರೂ ಹೊಗೆಗೊಳವೆ ಎರಡು. 65 ಮಿಲಿಮೀಟರು ಅಗಲದ ಕೊಳವೆಯಲ್ಲಿ 75 ಮಿಲಿಮೀಟರು ಎತ್ತರ ಏರಿಳಿಯುವ ಒಂದು ಪಿಸ್ಟನ್ನು, ಕವಾಟವೆಂಬುದೇ ಇಲ್ಲ. ಗೋಡೆಯಲ್ಲಿ ಕೊರೆದ ಕಿಂಡಿಗಳನ್ನು ಪಿಸ್ಟನ್ನೇ ಮುಚ್ಚಿ ತೆರೆದು ಉಸಿರಾಡಿಸುತ್ತದೆ. ಪೆಟ್ರೋಲಿನ ಜೊತೆಗೇ ಎಣ್ಣೆ ಬೆರೆಸಿ ಕುಡಿಸಬೇಕು. ಇಷ್ಟನ್ನು ಹಗ್ಗದ ಆಚೆ ನಿಂತು ಯಾರಾದರೂ ತಿಳಿಯಬಲ್ಲರೆ? ಐದು ನಿಮಿಷ ಓಡಿಸಿ ತೋರಿಸಿದ್ದರೆ ಹತ್ತು ವರ್ಷದ ಮಗುವಿಗೂ ತಿಳಿಯುತ್ತಿತ್ತು.

ಇನ್ನು ಆ ಗಾಡಿಯ ಮುಂದೆ ಇಟ್ಟಿದ್ದ ಫಲಕದ ವಿಚಾರ. ಮೇಲೆ ಇಸವಿ, ಕೆಳಗೆ ಮಾಲೀಕರ ಹೆಸರು, ನಡುವೆ 'ಜೆಕೊಸ್ಲೊವಾಕಿಯ'. ಇಷ್ಟೇ! ಸ್ವಾಮಿ, ಅದು ಮೈಸೂರಿನ ಯಾದವಗಿರಿಯಲ್ಲಿ ಹುಟ್ಟಿದ ಗಾಡಿ. ನಾನು ಬಗ್ಗಿ ಎಂಜಿನ್ನಿನ ನಂಬರಿನ ಫಲಕ ನೋಡಿಯೇ ಹೇಳುತ್ತಿದ್ದೇನೆ. ಫ್ರಾಂಟಿಶೆಕ್ ಯಾನೆಚೆಕ್ ಎಂಬ ಜೆಕ್ ಉದ್ಯಮಿ 1929ರಲ್ಲಿ ಜರ್ಮನಿಯ ವಾಂಡರರ್ ಕಂಪೆನಿಯಿಂದ ಮೋಟಾರು ಸೈಕಲ್ಲಿನ ವ್ಯವಹಾರ ಕೊಂಡು, ತನ್ನ ಹೆಸರಿನ ಮೊದಲೆರಡು ಅಕ್ಷರವನ್ನೂ ಅದರ ಮೊದಲೆರಡು ಅಕ್ಷರವನ್ನೂ ಕೂಡಿಸಿ 'ಜಾವಾ' ಎಂದದ್ದು ನಿಜ. ಆದರೆ 1950ರ ದಶಕದಲ್ಲಿ ಹೊರದೇಶದ ಗಾಡಿಗಳ ಆಮದಿಗೆ ಸರ್ಕಾರ ಕಡಿವಾಣ ಹಾಕಿದಾಗ, ಅಲ್ಲಿಯವರೆಗೆ ಅವನ್ನು ತರಿಸಿ ಮಾರುತ್ತಿದ್ದ ರುಸ್ತುಂ ಇರಾನಿ, ಫರೋಖ್ ಇರಾನಿ ಅವರು 1960ರಲ್ಲಿ ಐಡಿಯಲ್ ಜಾವಾ ಎಂಬ ಕಂಪೆನಿಯನ್ನು ಮೈಸೂರಿನಲ್ಲಿ ಕಟ್ಟಿದರು. 1961ರಿಂದ ಗಾಡಿಗಳು ಹೊರಬಂದವು. 1973ರಿಂದ ಅವುಗಳ ಹೆಸರು ಯಜ್ದಿ ಎಂದಾಯಿತು. ಇರಾನ್ ದೇಶದ ಯಜ್ದ್ ಪಟ್ಟಣದ ನೆನಪು. ಜೆಕ್ ನಕ್ಷೆ, ಪಾರ್ಸಿ ಬಂಡವಾಳ, ಇರಾನಿನ ಹೆಸರು, ಮೈಸೂರಿನ ಕೈ. ಇಂಥ ಕೂಡಲಸಂಗಮ ಇನ್ನೆಲ್ಲಿ ಸಿಕ್ಕೀತು? ನಮ್ಮ ಫಲಕ ಬರೆಯುವವರಿಗೆ ನಾಲ್ಕರಲ್ಲಿ ಒಂದೇ ನೆನಪಾಯಿತು, ಅದೂ ಅತ್ಯಂತ ದೂರದ್ದು.

ಮೈಸೂರಿಗೆ ಗಂಧದೆಣ್ಣೆ, ರೇಷ್ಮೆ, ವೀಳ್ಯದೆಲೆ, ಮಲ್ಲಿಗೆ ಇವುಗಳಿಂದ ಹೆಸರು ಎಂದು ನಾವು ಪಠ್ಯಪುಸ್ತಕದಲ್ಲಿ ಬರೆದುಕೊಂಡಿದ್ದೇವೆ. ಬರೆದುಕೊಳ್ಳೋಣ. ಆದರೆ ಮೂವತ್ತೈದು ವರ್ಷ ಆ ಊರು ಮೋಟಾರು ಸೈಕಲ್ಲನ್ನೂ ಮಾಡಿತು. ಹಳ್ಳಿಯ ಮೇಷ್ಟರು, ಎಲ್.ಐ.ಸಿ. ಏಜೆಂಟರು, ಕಾಫಿತೋಟದ ರೈಟರು, ದನದ ಡಾಕ್ಟರು ಅದರ ಮೇಲೆ ಕುಳಿತು ಸಂಸಾರ ಸಾಗಿಸಿದರು. ಮುಂದೆ ಟ್ಯಾಂಕಿನ ಮೇಲೆ ದೊಡ್ಡ ಮಗು, ಹಿಂದೆ ಹೆಂಡತಿ, ಅವಳ ಮಡಿಲಲ್ಲಿ ಚಿಕ್ಕ ಮಗು, ಕೊಕ್ಕೆಗೆ ತರಕಾರಿಯ ಚೀಲ. ಆ 12 ಅಶ್ವಶಕ್ತಿಯ ಎಂಜಿನ್ನು 'ಡುಬ್ ಡುಬ್' ಎನ್ನುತ್ತ ಯಾವ ಘಾಟಿಗೂ ಹಿಂಜರಿಯಲಿಲ್ಲ. 1984–85ರ ಹೊತ್ತಿಗೆ ಜಪಾನಿನವರ ಜೊತೆಗೂಡಿ ಮಾಡಿದ 100 ಸಿ.ಸಿ.ಯ ಗಾಡಿಗಳು ಬಂದವು. ಹಗುರ, ಪೆಟ್ರೋಲಿನ ಖರ್ಚು ಕಡಮೆ. ಮುಂದೆ ಹೊಗೆಯ ನಿಯಮಗಳೂ ಬಿಗಿಯಾದವು. 1996ರಲ್ಲಿ ಮೈಸೂರಿನ ಕಾರ್ಖಾನೆ ಮುಚ್ಚಿತು. 2018ರಲ್ಲಿ ಜಾವಾ ಹೆಸರು, 2022ರಲ್ಲಿ ಯಜ್ದಿ ಹೆಸರು ಮತ್ತೆ ಮಾರುಕಟ್ಟೆಗೆ ಬಂದದ್ದೇನೋ ಸರಿ. ಆದರೆ ಆ ಗಾಡಿಗಳು ತಯಾರಾದದ್ದು ಮಧ್ಯಪ್ರದೇಶದ ಪೀಥಂಪುರದಲ್ಲಿ. ಹೆಸರು ತಿರುಗಿ ಬಂತು, ಊರು ಬರಲಿಲ್ಲ.

ಯಾದವಗಿರಿಯಿಂದ ಕೂಗಳತೆಯಲ್ಲಿ ರೈಲ್ವೆ ವಸ್ತುಸಂಗ್ರಹಾಲಯವಿದೆ. 1979ರಿಂದಲೂ ಅಲ್ಲಿ ಹಳೆಯ ಉಗಿಯಂತ್ರಗಳನ್ನೂ ಮಹಾರಾಣಿಯವರ ಡಬ್ಬಿಯನ್ನೂ ಜೋಪಾನವಾಗಿ ಇಟ್ಟಿದ್ದಾರೆ. ಶಾಲೆಯ ಮಕ್ಕಳನ್ನು ಸಾಲುಗಟ್ಟಿಸಿ ಕರೆದೊಯ್ಯುತ್ತೇವೆ. ಒಳ್ಳೆಯ ಕೆಲಸ. ಉಗಿಬಂಡಿಗೆ ಸಲ್ಲುವ ಮರ್ಯಾದೆ, ಪಕ್ಕದ ಬೀದಿಯಲ್ಲಿ ನಮ್ಮವರೇ ಎರಕ ಹೊಯ್ದು, ಹಲ್ಲುಚಕ್ರ ಕಡೆದು, ಮೆರುಗು ಕೊಟ್ಟು ಕಳುಹಿಸಿದ ಗಾಡಿಗೆ ಏಕೆ ಸಲ್ಲಬಾರದು? ರಾಜರು ಹತ್ತಿದ್ದಕ್ಕೆ ಮಾತ್ರ ಚರಿತ್ರೆ, ರೆವಿನ್ಯೂ ಇನ್‌ಸ್ಪೆಕ್ಟರು ಹತ್ತಿದ್ದಕ್ಕೆ ಗುಜರಿ ಎಂದು ಕಾನೂನಿದೆಯೆ?

ಗುಜರಿ ಎಂದೊಡನೆ ಪ್ರದರ್ಶನದ ಪಕ್ಷದವರು ಎದ್ದು ನಿಲ್ಲುತ್ತಾರೆಂದು ಬಲ್ಲೆ. "ನಾವು ಇಲ್ಲದಿದ್ದರೆ ಇವೆಲ್ಲ ತೂಕದ ಲೆಕ್ಕದಲ್ಲಿ ಕರಗಿಹೋಗುತ್ತಿದ್ದವು," ಎಂಬುದು ಅವರ ಮಾತು. ಆ ಮಾತು ನೂರಕ್ಕೆ ನೂರು ನಿಜ, ನಾನು ಒಪ್ಪಿದೆ. ಕಾರ್ಖಾನೆ ಮುಚ್ಚಿದ ಮೇಲೆ ಬಿಡಿಭಾಗ ಸಿಗದೆ ಕಬ್ಬಿಣದ ಬೆಲೆಗೆ ಹೋದ ಗಾಡಿಗಳಿಗೆ ಲೆಕ್ಕವಿಲ್ಲ. ಆಗ ಹುಚ್ಚರೆನ್ನಿಸಿಕೊಂಡು, ಹೆಂಡತಿಯ ಬೈಗುಳ ತಿಂದು, ಕೊಟ್ಟಿಗೆ ಕೊಟ್ಟಿಗೆ ಹುಡುಕಿ ಕೊಂಡುಕೊಂಡವರಿಗೆ ನನ್ನ ನಮಸ್ಕಾರ. ಅವರಲ್ಲಿ ಅನೇಕರು ಇಂದಿಗೂ ತಮ್ಮ ಗಾಡಿಗಳನ್ನು ಓಡಿಸುತ್ತಾರೆ; ಜುಲೈ ತಿಂಗಳ ಎರಡನೆಯ ಭಾನುವಾರ ಜಾವಾ ದಿನವೆಂದು ಆಚರಿಸಿ ಬೆಂಗಳೂರಿನ ರಸ್ತೆಗಳಲ್ಲಿ ಹೊಗೆಯೆಬ್ಬಿಸಿಕೊಂಡು ಹೋಗುವವರು ಅವರೇ. ನನ್ನ ಜಗಳ ಅವರೊಡನೆ ಅಲ್ಲ. ಅವರಿಂದ ಕೊಂಡು, ಟೆಂಪೋದಲ್ಲಿ ಸಾಗಿಸಿ, ಬಟ್ಟೆಯಿಂದ ಒರೆಸಿ, ಬಹುಮಾನ ಗಿಟ್ಟಿಸಿ, ಮರುವರ್ಷ ಮೂರು ಪಟ್ಟು ಬೆಲೆಗೆ ಮಾರುವವರೊಡನೆ. ಮತ್ತು ಆ ವ್ಯಾಪಾರಕ್ಕೆ ತೀರ್ಪಿನ ಮುದ್ರೆ ಒತ್ತುವವರೊಡನೆ.

ಇಂಗ್ಲೆಂಡಿನವರನ್ನು ಎಲ್ಲಕ್ಕೂ ಎತ್ತಿ ಹಿಡಿಯುವ ಚಾಳಿ ನನಗಿಲ್ಲ. ಆದರೂ ಇದೊಂದನ್ನು ಕೇಳಿ. ಅಲ್ಲಿ 1930ರಲ್ಲಿ ಆರಂಭವಾದ 'ಪಯೊನಿಯರ್ ರನ್' ಎಂಬ ಓಟವಿದೆ. 1915ಕ್ಕಿಂತ ಹಿಂದೆ ತಯಾರಾದ ಮೋಟಾರು ಸೈಕಲ್ಲುಗಳಿಗೆ ಮಾತ್ರ ಪ್ರವೇಶ. ಲಂಡನ್ನಿನ ಹೊರವಲಯದಿಂದ ಹೊರಟು ಬ್ರೈಟನ್ನಿನ ಸಮುದ್ರತೀರದವರೆಗೆ ಹೋಗಬೇಕು. ಕೆಲವಕ್ಕೆ ಗೇರೇ ಇಲ್ಲ, ಕೆಲವಕ್ಕೆ ಸರಪಣಿಯ ಬದಲು ಚರ್ಮದ ಪಟ್ಟಿ. ಏರು ಬಂದರೆ ಸವಾರ ಇಳಿದು ಓಡುತ್ತ ತಳ್ಳುತ್ತಾನೆ. ನೂರು ವರ್ಷ ದಾಟಿದ ಯಂತ್ರ ಎಣ್ಣೆ ಕಾರುತ್ತ, ಕೆಮ್ಮುತ್ತ, ತನ್ನ ಕಾಲ ಮೇಲೆ ತಾನು ಸಮುದ್ರ ಮುಟ್ಟುತ್ತದೆ. ಬಾನ್‌ಬರಿ ಎಂಬ ಊರಿನ ಹೆಸರಿನ ಇನ್ನೊಂದು ಓಟ 1931ಕ್ಕೆ ಹಿಂದಿನ ಗಾಡಿಗಳದು. ಹೀಗೆ ಓಡಿಸುವುದರಿಂದ ಆಗುವ ಲಾಭವೇನೆಂದರೆ, ಅಲ್ಲಿ ಇಂದಿಗೂ ಆ ಯಂತ್ರಗಳಿಗೆ ಬೇಕಾದ ಪಿಸ್ಟನ್ನು ಎರೆಯುವವನಿದ್ದಾನೆ, ಪಟ್ಟಿ ಹೊಲಿಯುವವನಿದ್ದಾನೆ. ಓಡದ ಗಾಡಿಗೆ ಬಣ್ಣ ಬಳಿಯುವವನೊಬ್ಬ ಸಾಕು. ಓಡುವ ಗಾಡಿಗೆ ಹತ್ತು ಕಸುಬಿನವರು ಬೇಕು. ನಾವು ಹಗ್ಗ ಕಟ್ಟಿದ್ದು ಗಾಡಿಯ ಸುತ್ತ ಮಾತ್ರವಲ್ಲ, ಆ ಹತ್ತು ಜನರ ಅನ್ನದ ಸುತ್ತ ಕೂಡ.

ಮೈಸೂರಿನಲ್ಲಿ ನನಗೆ ಪರಿಚಯವಿರುವ ವೃದ್ಧ ಮೆಕ್ಯಾನಿಕರೊಬ್ಬರಿದ್ದಾರೆ. ಅವರ ಅಂಗಡಿಗೆ ಬೋರ್ಡಿಲ್ಲ, ಬೇಕಾಗಿಯೂ ಇಲ್ಲ. ಗಾಡಿ ಬೀದಿಯ ತಿರುವಿನಲ್ಲಿರುವಾಗಲೇ, ನೋಡದೆಯೇ, "ಪಾಯಿಂಟು ಸವೆದಿದೆ" ಎಂದೋ, "ಸೈಲೆನ್ಸರಲ್ಲಿ ಮಸಿ ಕಟ್ಟಿದೆ" ಎಂದೋ ಹೇಳುತ್ತಾರೆ. ಪ್ಲಗ್ಗನ್ನು ಬಿಚ್ಚಿ ಅದರ ತುದಿ ನೋಡುತ್ತಾರೆ: ಹುರಿದ ಕಾಫಿಪುಡಿಯ ಬಣ್ಣವಿದ್ದರೆ ಎಂಜಿನ್ನಿನ ಆರೋಗ್ಯ ಸರಿ, ಮಸಿಯಂತಿದ್ದರೆ ಪೆಟ್ರೋಲು ಹೆಚ್ಚು, ಸುಣ್ಣದಂತೆ ಬೆಳ್ಳಗಿದ್ದರೆ ಕಡಮೆ. ನಾಡಿ ಹಿಡಿಯುವ ಪಂಡಿತರಂತೆ. ಅವರನ್ನು ಇಂಥ ಒಂದು ಪ್ರದರ್ಶನಕ್ಕೆ ನಾನೇ ಕರೆದೊಯ್ದಿದ್ದೆ. ಒಂದು ಸುತ್ತು ಬಂದರು, ಮಾತಾಡಲಿಲ್ಲ. ಹೊರಗೆ ಬಂದು ಎಲೆ ಅಡಿಕೆ ಹಾಕಿಕೊಂಡ ಮೇಲೆ, "ಎಲ್ಲಾ ಚೆನ್ನಾಗವೆ ಸ್ವಾಮಿ, ಮದುವೆಮನೆ ಗೊಂಬೆ ಇದ್ದಂಗವೆ. ಯಾವುದೂ ಏನೂ ಹೇಳ್ಲಿಲ್ಲ ನಂಗೆ," ಎಂದರು. ಆ ದಿನ ವೇದಿಕೆಯ ಮೇಲೆ ಶಾಲು ಹೊದಿಸಿಕೊಂಡವರಲ್ಲಿ ಸಿನಿಮಾದವರಿದ್ದರು, ಕಂಪೆನಿಯವರಿದ್ದರು. ಕೈಗೆ ಗ್ರೀಸು ಹತ್ತಿದವರು ಒಬ್ಬರೂ ಇರಲಿಲ್ಲ.

'ಕಸ್ಟಮ್' ಗಾಡಿಗಳ ಶಾಮಿಯಾನಕ್ಕೆ ಬರುತ್ತೇನೆ. ಇಲ್ಲಿ ನನ್ನ ತಾಳ್ಮೆ ಸ್ವಲ್ಪ ಕಡಮೆ, ಓದುಗರು ಸಹಿಸಿಕೊಳ್ಳಬೇಕು. ಗಾಡಿಯನ್ನು ಬದಲಾಯಿಸಬಾರದೆಂದು ನಾನು ಹೇಳುವುದಿಲ್ಲ. ಎರಡನೆಯ ಮಹಾಯುದ್ಧದಿಂದ ಹಿಂತಿರುಗಿದ ಅಮೆರಿಕದ ಸೈನಿಕರು ತಮ್ಮ ಭಾರಿ ಗಾಡಿಗಳ ಮಡ್‌ಗಾರ್ಡು ಕತ್ತರಿಸಿ, ಬೇಡದ್ದನ್ನೆಲ್ಲ ಕಿತ್ತೆಸೆದದ್ದು ಭಾರ ಇಳಿದು ವೇಗ ಬರಲೆಂದು. 1950–60ರ ದಶಕಗಳಲ್ಲಿ ಲಂಡನ್ನಿನ ಏಸ್ ಕೆಫೆಯ ಮುಂದೆ ಸೇರುತ್ತಿದ್ದ ಹುಡುಗರು ಹ್ಯಾಂಡಲನ್ನು ತಗ್ಗಿಸಿದ್ದು ಗಾಳಿಗೆ ತಲೆ ಬಗ್ಗಿಸಿ ಓಡಿಸಲೆಂದು. ರೂಪ ಕೆಲಸದಿಂದ ಹುಟ್ಟಿತು. ನಮ್ಮ ಶಾಮಿಯಾನದಲ್ಲಿ ನಾನು ಕಂಡದ್ದು ಆ ರೂಪದ ಪಡಿಯಚ್ಚು ಮಾತ್ರ. ಟ್ರ್ಯಾಕ್ಟರಿಗೆ ಒಪ್ಪುವಂಥ ಟೈರು, ಕೂತರೆ ಬೆನ್ನು ಮುರಿಯುವ ಆಸನ, ಹಿಂದೆ ಮಡ್‌ಗಾರ್ಡು ಇಲ್ಲ. ಆಗುಂಬೆಯ ಮಳೆಯಲ್ಲಿ ಒಂದು ಮೈಲಿ ಹೋದರೆ ಸವಾರನ ಬೆನ್ನು ಗದ್ದೆಯಾಗುವುದು ಖಂಡಿತ! ಆದರೆ ಅವನು ಹೋಗುವುದಿಲ್ಲ. ಅಷ್ಟಕ್ಕೂ ತಯಾರಕರು ಕೊಟ್ಟ ವಿವರಕ್ಕೆ ವಿರುದ್ಧವಾಗಿ ಗಾಡಿಯನ್ನು ಮಾರ್ಪಡಿಸಕೂಡದೆಂದು 1988ರ ಮೋಟಾರು ವಾಹನ ಕಾಯಿದೆಯ 52ನೆಯ ಪ್ರಕರಣ ಹೇಳುತ್ತದೆ. 2019ರಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಎತ್ತಿಹಿಡಿಯಿತು. ಹಾಗಾಗಿ ಅಲ್ಲಿ ನಿಂತಿದ್ದವುಗಳಲ್ಲಿ ಎಷ್ಟು ಗಾಡಿಗಳು ರಸ್ತೆಗೆ ಇಳಿಯಲು ಅರ್ಹ ಎಂಬುದನ್ನು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಅದಕ್ಕಿಂತ ಹೊಟ್ಟೆ ಉರಿದದ್ದು ಇನ್ನೊಂದಕ್ಕೆ: ಆ ಅಸ್ಥಿಪಂಜರಗಳಲ್ಲಿ ಎರಡರ ಹೊಟ್ಟೆಯಲ್ಲಿ ಯಜ್ದಿಯ ಎಂಜಿನ್ನಿತ್ತು. ಅಂದರೆ ಎರಡು ಒಳ್ಳೆಯ ಗಾಡಿಗಳನ್ನು ಗರಗಸದಿಂದ ಕೊಯ್ದು ಇವನ್ನು ಮಾಡಿದ್ದಾರೆ.

ನಿಜವಾದ ಮಾರ್ಪಾಡು ನೋಡಬೇಕೆ? ರಾಜದೂತ್ ಗಾಡಿಯ ಎರಡು ಪಕ್ಕಕ್ಕೆ ಕಬ್ಬಿಣದ ಕೊಕ್ಕೆ ಬೆಸೆದು ನಾಲ್ಕು ಹಾಲಿನ ಕ್ಯಾನು ತೂಗಿಸಿಕೊಂಡು ಬೆಳಗಿನ ಜಾವ ಊರಿಗೆ ಬರುತ್ತಿದ್ದ ಹಾಲಿನವನ ಗಾಡಿಯನ್ನು ನೋಡಿ. ಸೌರಾಷ್ಟ್ರದಲ್ಲಿ ಬುಲೆಟ್ಟಿನ ಮುಂಭಾಗಕ್ಕೆ ಹಿಂದೆ ಎರಡು ಚಕ್ರದ ಬಂಡಿ ಕೂಡಿಸಿ, ಹತ್ತು ಹನ್ನೆರಡು ಜನರನ್ನು ತುಂಬಿ ಸಾಗಿಸಿದ 'ಛಕಡಾ' ಎಂಬ ವಾಹನ ನೋಡಿ. ಬಿಡಿಭಾಗ ಸಿಗದ ಕಾಲದಲ್ಲಿ ಒಂದು ಗಾಡಿಯ ಕಾರ್ಬ್ಯುರೇಟರನ್ನು ಇನ್ನೊಂದಕ್ಕೆ ಒಗ್ಗಿಸಿದ ಮೆಕ್ಯಾನಿಕನ ಕೈಚಳಕ ನೋಡಿ. ಇವುಗಳಲ್ಲಿ ಕಾನೂನಿನ ಕಣ್ಣಿಗೆ ಎಷ್ಟು ಸರಿಯೋ ಬೇರೆ ಮಾತು, ಆದರೆ ಬುದ್ಧಿವಂತಿಕೆ ಇದ್ದದ್ದು ಇಲ್ಲಿ. ಯಾವ ಪ್ರದರ್ಶನವೂ ಹಾಲಿನ ಕ್ಯಾನಿನ ರಾಜದೂತನ್ನು ಒಳಗೆ ಬಿಟ್ಟದ್ದನ್ನು ನಾನು ಕಂಡಿಲ್ಲ. ವಾಸನೆ ಬಂದೀತೆಂದೋ ಏನೋ.

ಪಂದ್ಯದ ಗಾಡಿಗಳ ಗತಿಯೂ ಇದೇ. ಮದರಾಸಿನ ಹತ್ತಿರದ ಶೋಲಾವರಂನಲ್ಲಿ, ಯುದ್ಧಕಾಲದ ವಿಮಾನದ ಓಡುಹಾದಿಯ ಮೇಲೆ, ದಶಕಗಳ ಕಾಲ ಪಂದ್ಯಗಳು ನಡೆದವು. ದಕ್ಷಿಣದ ಹುಡುಗರು ಅಂಗಡಿಯಲ್ಲಿ ಸಿಗುವ ಗಾಡಿಗಳನ್ನೇ ಕೊಂಡೊಯ್ದು ಅಲ್ಲಿ ಓಡಿಸಿದರು. ಅಂಗಡಿಯ ಗಾಡಿ ಪಂದ್ಯದ ಗಾಡಿಯಾಗುವುದು ಮೈಮೇಲೆ ಬರೆದ ಸಂಖ್ಯೆಯಿಂದಲ್ಲ, ಅರದಿಂದ. ಸಿಲಿಂಡರಿನ ಗೋಡೆಯ ಕಿಂಡಿಯನ್ನು ಕೂದಲೆಳೆಯಷ್ಟು ಮೇಲಕ್ಕೆ ಉಜ್ಜಿದರೆ ಹೊಗೆ ಬೇಗ ಹೊರಬೀಳುತ್ತದೆ, ಎಂಜಿನ್ನು ಹೆಚ್ಚು ಸುತ್ತು ತಿರುಗುತ್ತದೆ. ಒಂದೆಳೆ ಹೆಚ್ಚಾದರೆ ಬಲವೇ ಸೋರಿಹೋಗುತ್ತದೆ. ರಾತ್ರಿಯೆಲ್ಲ ಕೂತು ಆ ಅರ ಹಿಡಿದವನು ಯಾರು? ಫಲಕದಲ್ಲಿ ಸವಾರನ ಹೆಸರಿದೆ, ಪ್ರಾಯೋಜಕರ ಹೆಸರಿದೆ. ಅವನದಿಲ್ಲ.

ಈ ವಿದ್ಯೆಯ ಬೆಲೆ ಎಷ್ಟೆಂಬುದಕ್ಕೆ ಒಂದು ಕಥೆ ಹೇಳದಿದ್ದರೆ ಅನ್ಯಾಯವಾಗುತ್ತದೆ. ಆಗಿನ ಪೂರ್ವ ಜರ್ಮನಿಯ ಚೋಪಾವ್ ಎಂಬ ಊರಿನಲ್ಲಿ ಎಂ.ಝಡ್. ಕಾರ್ಖಾನೆ. ಅಲ್ಲಿ ವಾಲ್ಟರ್ ಕಾಡೆನ್ ಎಂಬ ಎಂಜಿನಿಯರು ಹಣವಿಲ್ಲದೆ, ಒಳ್ಳೆಯ ಲೋಹವಿಲ್ಲದೆ, ಇದೇ ಎರಡು ಹೊಡೆತದ ಎಂಜಿನ್ನನ್ನು ಹಿಡಿದು ಕೂತ. ಹೊರಹೋಗುವ ಹೊಗೆಯ ಅಲೆಯನ್ನೇ ಕೊಳವೆಯಲ್ಲಿ ಹಿಂದಕ್ಕೆ ಪುಟಿಸಿ, ಸೋರಿಹೋಗಲಿದ್ದ ಪೆಟ್ರೋಲಿನ ಆವಿಯನ್ನು ಮತ್ತೆ ಸಿಲಿಂಡರಿಗೆ ತುರುಕುವ ಉಪಾಯವನ್ನು ಪಳಗಿಸಿದ. 1961ರಲ್ಲಿ ಅವನ 125 ಸಿ.ಸಿ. ಎಂಜಿನ್ನು 25 ಅಶ್ವಶಕ್ತಿ ಕೊಟ್ಟಿತು. ಅದರ ಎರಡರಷ್ಟು ಗಾತ್ರದ ನಮ್ಮ ಜಾವಾ 12 ಕೊಡುತ್ತಿದ್ದ ಕಾಲ ಅದು. ಆ ವರ್ಷವೇ ಅವನ ಸವಾರ ಅರ್ನ್‌ಸ್ಟ್ ಡೆಗ್ನರ್ ಸ್ವೀಡನ್ನಿನ ಪಂದ್ಯದ ನಂತರ ತಾಯ್ನಾಡಿಗೆ ಹಿಂತಿರುಗದೆ ಪಶ್ಚಿಮಕ್ಕೆ ತಪ್ಪಿಸಿಕೊಂಡು ಜಪಾನಿನ ಸುಜುಕಿಯನ್ನು ಸೇರಿದ. 1962ರಲ್ಲಿ 50 ಸಿ.ಸಿ. ವರ್ಗದ ವಿಶ್ವ ಚಾಂಪಿಯನ್ ಸುಜುಕಿಯ ಮೇಲೆ ಕುಳಿತ ಡೆಗ್ನರ್. ಮುಂದೆ ಅದೇ ಜಪಾನಿನ ಎರಡು ಹೊಡೆತದ ವಿದ್ಯೆ ನಮ್ಮ ಹೊಸೂರಿಗೂ ಬಂದು ಯಜ್ದಿಯ ಕಾಲಡಿಯ ನೆಲ ಕುಸಿಯಲು ಕೈಹಾಕಿತೆಂದು ನೆನೆದರೆ ಈ ಲೋಕದ ಸುತ್ತುಬಳಸು ಸೋಜಿಗವೆನ್ನಿಸುತ್ತದೆ. ಗಡಿ ದಾಟಿದ ಆ ವಿದ್ಯೆಗಾಗಿ ಒಂದು ದೇಶ ಬಾಗಿಲು ತೆರೆದು ಕಾದಿತ್ತು. ಅಂಥದೇ ವಿದ್ಯೆ ಬಲ್ಲವರು ನಮ್ಮಲ್ಲಿ ಬೋರ್ಡಿಲ್ಲದ ಅಂಗಡಿಯಲ್ಲಿ ಕೂತಿದ್ದಾರೆ, ಕೇಳುವವರಿಲ್ಲ.

ಕೊನೆಗೆ ಸರ್ಕಾರದ ವಿಚಾರ. 2021ರಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳಿಗೆಂದೇ ನಿಯಮ ಮಾಡಿತು. ಮೊದಲ ನೋಂದಣಿಯಾಗಿ 50 ವರ್ಷ ದಾಟಿರಬೇಕು, ಮೂಲರೂಪ ಕೆಟ್ಟಿರಬಾರದು. ಹೊಸ ನೋಂದಣಿಗೆ 20,000 ರೂಪಾಯಿ, 10 ವರ್ಷಕ್ಕೆ ಸಿಂಧು, ನವೀಕರಣಕ್ಕೆ 5,000. ಹಳೆಯ ಗಾಡಿಗೂ ಒಂದು ಸ್ಥಾನ ಕೊಟ್ಟರಲ್ಲ, ಸಂತೋಷ. ಆದರೆ ಒಳಗಿನ ಷರತ್ತು ಓದಿ: ಇಂಥ ಗಾಡಿ ರಸ್ತೆಗಿಳಿಯಬೇಕಾದರೆ ಪ್ರದರ್ಶನ, ತಾಂತ್ರಿಕ ಸಂಶೋಧನೆ, ರ್‍ಯಾಲಿ, ಪೆಟ್ರೋಲು ತುಂಬಿಸುವುದು, ರಿಪೇರಿ, ಇಂಥ ಕಾರಣ ಬೇಕು. ದಿನನಿತ್ಯದ ಓಡಾಟಕ್ಕೆ ಇಲ್ಲ. ತರಕಾರಿ ತರಲು ಹೋದರೆ ಅದು ಯಾವ ಬಾಬಿಗೆ ಸೇರುತ್ತದೆ? ಸಂಶೋಧನೆಗೆ ಸೇರಿಸಬಹುದೇನೋ! ಹೊಗೆಯ ಮಾತು ಬರುತ್ತದೆ, ಬರಲಿ. ಎರಡು ಹೊಡೆತದ ಎಂಜಿನ್ನು ಹೊಗೆಯುಗುಳುವುದು ಸುಳ್ಳಲ್ಲ. ಊರಿಗೂರೇ ಅವುಗಳ ಮೇಲೆ ಓಡಾಡಬೇಕೆಂದು ನಾನು ಹೇಳುವುದಿಲ್ಲ. ಆದರೆ ನೂರಾರು ಹಳೆಯ ಗಾಡಿಗಳು ವಾರಕ್ಕೆರಡು ಸಲ ಮಾರುಕಟ್ಟೆಗೆ ಹೋಗಿಬಂದರೆ ಕೆಡುವ ಗಾಳಿಯನ್ನು, ದಿನವೂ ಸಿಗ್ನಲ್ಲಿನಲ್ಲಿ ಸುಮ್ಮನೆ ಗುರುಗುಟ್ಟುತ್ತ ನಿಲ್ಲುವ ಲಕ್ಷಾಂತರ ಹೊಸ ಗಾಡಿಗಳ ಪಕ್ಕದಲ್ಲಿಟ್ಟು ತೂಗಿ ಮಾತಾಡಬೇಕು. ವಾರಕ್ಕೆ ಇಷ್ಟು ಮೈಲಿ ಎಂದು ಮಿತಿ ಹಾಕಲಿ, ಒಪ್ಪುತ್ತೇನೆ. ಓಡಲು ಪರವಾನಗಿ ಕೇಳಿದವನಿಗೆ ನಿಂತುಕೊಳ್ಳಲು ಪರವಾನಗಿ ಕೊಡುವುದನ್ನು ಒಪ್ಪಲಾರೆ.

ಪ್ರದರ್ಶನ ನಡೆಸುವವರಿಗೆ ನನ್ನ ಬೇಡಿಕೆಗಳು ದೊಡ್ಡವಲ್ಲ. ತನ್ನ ಚಕ್ರದ ಮೇಲೆ ತಾನು ಬಂದ ಗಾಡಿಗೆ ಮೊದಲ ಅಂಕ ಕೊಡಿ; ಟೆಂಪೋದಲ್ಲಿ ಬಂದದ್ದು ಬಹುಮಾನದ ಪಟ್ಟಿಯಲ್ಲಿ ಆಮೇಲೆ ನಿಲ್ಲಲಿ. ನೀಲಿ ತಿರುಗಿದ ಕೊಳವೆಗೆ ಅಂಕ ಕಳೆಯುವುದನ್ನು ನಿಲ್ಲಿಸಿ. ಬೆಳಗ್ಗೆ ಅರ್ಧ ಗಂಟೆ, ಸಂಜೆ ಅರ್ಧ ಗಂಟೆ ಧ್ವನಿವರ್ಧಕದ ಬಾಯಿ ಮುಚ್ಚಿಸಿ ಎಂಜಿನ್ನುಗಳ ಬಾಯಿ ತೆರೆಯಿಸಿ. ಬೆಂಕಿಯ ಭಯವಿದ್ದರೆ ಬಯಲಿನ ಒಂದು ಮೂಲೆಯಲ್ಲಿ, ಮರಳಿನ ಬಕೆಟ್ಟು ಇಟ್ಟುಕೊಂಡು, ಒಂದೊಂದಾಗಿ. ಫಲಕದಲ್ಲಿ ಮಾಲೀಕರ ಹೆಸರಿನ ಕೆಳಗೆ ಮೆಕ್ಯಾನಿಕರ ಹೆಸರು, ತಯಾರಾದ ಊರಿನ ಹೆಸರು ಬರೆಯಿರಿ.

ಇನ್ನೊಂದು ಕೆಲಸ ಮಾತ್ರ ತಡಮಾಡುವಂತಿಲ್ಲ. 1961ರಲ್ಲಿ ಇಪ್ಪತ್ತು ವರ್ಷದ ಹುಡುಗನಾಗಿ ಆ ಕಾರ್ಖಾನೆಯ ಬಾಗಿಲು ಹೊಕ್ಕವರು ಬದುಕಿದ್ದರೆ ಇಂದು ಎಂಬತ್ತು ದಾಟಿದ್ದಾರೆ. ಟ್ಯಾಂಕಿನ ಮೇಲಿನ ಗೆರೆಯನ್ನು ಹೇಗೆ ಎಳೆಯುತ್ತಿದ್ದರು, ಯಾವ ಪಾಳಿಯಲ್ಲಿ ಎಷ್ಟು ಗಾಡಿ, ಜೆಕ್ ನಕ್ಷೆಯನ್ನು ಕನ್ನಡದಲ್ಲಿ ಒಬ್ಬರಿಗೊಬ್ಬರು ಹೇಗೆ ವಿವರಿಸಿಕೊಂಡರು, ಕೊನೆಯ ದಿನ ಏನಾಯಿತು, ಇವೆಲ್ಲ ಅವರ ಬಾಯಲ್ಲಿದೆ, ಬೇರೆಲ್ಲೂ ಇಲ್ಲ. ಜನಪದ ಗೀತೆ ಸಂಗ್ರಹಿಸಲು ಧ್ವನಿಮುದ್ರಣ ಯಂತ್ರ ಹೊತ್ತು ಹಳ್ಳಿ ಹಳ್ಳಿ ಸುತ್ತಿದ ಸಂಪ್ರದಾಯ ಮೈಸೂರಿನ ವಿದ್ವಾಂಸರದು. ಈಗ ಎಲ್ಲರ ಜೇಬಿನಲ್ಲಿಯೂ ಆ ಯಂತ್ರವಿದೆ. ಯಾದವಗಿರಿಯಿಂದ ಒಂಟಿಕೊಪ್ಪಲಿನವರೆಗೆ ಒಂದು ಸಂಜೆ ನಡೆದರೆ ಸಾಕು, ಮನೆಗಳು ಸಿಗುತ್ತವೆ. ಮುಂದಿನ ಪ್ರದರ್ಶನದ ಸಮಿತಿಯವರು ಒಂದು ಬಹುಮಾನದ ಹಣವನ್ನು ಇದಕ್ಕೆ ತೆಗೆದಿಡಲಿ. ಕೆಲಸಕ್ಕೆ ಹುಡುಗರು ಸಿಗದಿದ್ದರೆ ಈ ಪತ್ರಿಕೆಯ ಮೂಲಕ ನನಗೆ ಒಂದು ಸಾಲು ಬರೆಯಿರಿ. ಮೈಸೂರಿಗೆ ಬಂದುಹೋಗುವ ಖರ್ಚು ನನ್ನದೇ.